ಮೂಡ್ಲಹಟ್ಟಿಯ ಒಮ್ಮತದ ಠರಾವು

ಬೆಳಗಿನ ಎಂಟೂಕಾಲಿಗೆ ಹಾಲಿನ ಡೈರಿಗೆ ಬೀಗ ಹಾಕಿ ಮನೆಗೆ ಬಂದ ಸಿದ್ದೇಶನಿಗೆ ನಡುಮನೆಯಲ್ಲಿ ಕಂಡದ್ದು ತಿಂಡಿಯ ತಟ್ಟೆಯಲ್ಲ, ಒಂದು ಪಂಚಾಯಿತಿ. ಚಾಪೆಯ ಮೇಲೆ ಅವನ ತಾಯಿ ಅಂಜಮ್ಮ, ಹೆಂಡತಿ ಅಂಬಿಕಾ ಮತ್ತು ಪಕ್ಕದ ಮನೆಯ ಸಾವಂತ್ರಮ್ಮ ಕೂತಿದ್ದರು. ಅವರೆದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, ಸ್ಕೂಲಿನ ಯೂನಿಫಾರ್ಮಿನಲ್ಲೇ, ಹತ್ತನೇ ಕ್ಲಾಸಿನ ಮಗಳು ಧನುಶ್ರೀ ವಿರಾಜಮಾನಳಾಗಿದ್ದಳು.

"ಇವತ್ತು ಎಲ್ಲಾರೂ ಓಪನ್ ಆಗಿ ಮಾತಾಡಬೇಕು," ಎಂದಳು ಧನುಶ್ರೀ. "ಅತ್ತೆ ಮಗಳ ಮದುವೇಲಿ ನಾನು ಹಾಕ್ಕೊಂಡಿದ್ದ ಗೌನು ಕಿಟಕಿ ಪರದೆ ಇದ್ದಂಗೈತೆ ಅಂತ ಯಾರೋ ಅಂದಿದಾರೆ. ಅಂದೋರು ಇಲ್ಲೇ ಅದಾರೆ. ಅವರು ಒಪ್ಕೊಂಡ್ರೆ ಸಾಕು, ನನಗೆ ಕ್ಲೋಷರ್ ಬೇಕು."

"ಅದು ಯಾವ ಅಂಗಡೀಲಿ ಸಿಗ್ತೈತೆ ಮಗಾ?" ಎಂದು ಕೇಳಿದಳು ಅಂಜಮ್ಮ. "ಸಂತೇಬೆನ್ನೂರು ಸಂತೇಲಿ ಸಿಗಂಗಿದ್ರೆ ನಿಮ್ಮಪ್ಪ ತರ್ತಾನೆ ಬಿಡು. ಅದಕ್ಯಾಕೆ ಇಷ್ಟು ಜನ ಕೂಡಿಸಿದೀಯ?"

"ಏನಿದು?" ಎಂದ ಸಿದ್ದೇಶ.

"ಸುಮ್ಕಿರ್ರಿ," ಅಂಬಿಕಾ ಪಿಸುಗುಟ್ಟಿದಳು. "'ಸಿರಿ ಸಖಿಯರು' ಅಂತ ಟೀವೀಲಿ ಬರ್ತೈತಲ್ಲ, ಅದರಾಗೆ ಹಿಂಗೇ ಮಾಡ್ತಾರಂತೆ."

'ಸಿರಿ ಸಖಿಯರು' ಎಂಬುದು ಬೆಂಗಳೂರಿನ ಐವರು ಭಾರೀ ಶ್ರೀಮಂತ ಹೆಂಗಸರ ನಿಜಜೀವನದ ಕಾರ್ಯಕ್ರಮ. ನಿಜಜೀವನದಲ್ಲಿ ಅವರಿಗಿದ್ದ ಕೆಲಸ ಮೂರೇ: ಪಾರ್ಟಿಗೆ ಹೋಗುವುದು, ಅಲ್ಲಿ ಮನಸ್ಸಿಗೆ ನೋವು ಮಾಡಿಕೊಳ್ಳುವುದು, ಆಮೇಲೆ ಸೋಫಾದಲ್ಲಿ ಸುತ್ತ ಕೂತು ಆ ನೋವನ್ನು ಬಗೆಹರಿಸುತ್ತಾ ಹೊಸ ನೋವು ಮಾಡಿಕೊಳ್ಳುವುದು. ಮೂಡ್ಲಹಟ್ಟಿಯ ಹೈಸ್ಕೂಲು ಮಕ್ಕಳೆಲ್ಲ ಅದನ್ನು ನೋಡುತ್ತಿದ್ದರು.

ಸೋಫಾ ಇಲ್ಲದಿದ್ದರೂ ಆ ಚಾಪೆಯ ಮೇಲೆ ಏನೋ ಒಂದು ಶಕ್ತಿ ಕೆಲಸ ಮಾಡಿತು. ಸಾವಂತ್ರಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ನಾನೇ ಅಂದಿದ್ದು ಕಣವ್ವ. ಮನಸಿನಾಗೆ ಇಟ್ಕೊಂಡು ಏನು ಮಾಡ್ಲಿ," ಎಂದಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ತೆರೆದ ಬಾಯಿ ತೂಬು ಎತ್ತಿದ ಸೂಳೆಕೆರೆಯ ಹಾಗೆ ಹರಿಯಿತು. "ಇನ್ನೊಂದು ಐತೆ, ಅದನ್ನೂ ಹೇಳಿಬಿಡ್ತೀನಿ. ಅಂಬಿಕಾ, ಹನ್ನೆರಡು ವರ್ಷದಿಂದ ನೀನು ಬಟ್ಟಲಲ್ಲಿ ಸಾರು ಕೊಟ್ಟು ಕಳಿಸ್ತೀಯ. ಒಂದಿನಾನೂ ನನಗದು ಸಾರು ಅನ್ನಿಸಿಲ್ಲ."

ಅಡಿಗೆಮನೆಯಿಂದ ಒಗ್ಗರಣೆ ಸೀದ ವಾಸನೆ ಬಂತು.

ಅಂಬಿಕಾ ಎದ್ದಳು. ಒಳಗೆ ಹೋಗಿ ಗ್ಯಾಸಿನ ಒಲೆ ಆರಿಸಿದಳು. "ಸಾರೇ ಬರಲ್ಲ ಅಂದಮೇಲೆ ಉಪ್ಪಿಟ್ಟು ಹೆಂಗೆ ಬರ್ತೈತೆ? ಇವತ್ತು ಈ ಮನೇಲಿ ಒಲೆ ಹಚ್ಚಲ್ಲ," ಎಂದು ಅಡಿಗೆಮನೆಯ ಬಾಗಿಲು ಎಳೆದುಕೊಂಡಳು. ಸಾವಂತ್ರಮ್ಮ, "ನಿಜ ಹೇಳಿದ್ರೆ ಉರಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

"ಸೂಪರ್," ಎಂದಳು ಧನುಶ್ರೀ ಬ್ಯಾಗು ಹೆಗಲಿಗೇರಿಸುತ್ತ. "ಈಗ ಎಲ್ಲಾ ಕ್ಲಿಯರ್."

ಸಿದ್ದೇಶ ಅವಸರದ ಮನುಷ್ಯನಲ್ಲ. ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮಾಡಿದವನು, ಹದಿನಾಲ್ಕು ವರ್ಷದಿಂದ ಊರಿನ ಡೈರಿಯ ಸೆಕ್ರೆಟರಿ. ಹಾಲಿನ ಗಟ್ಟಿತನ ಅಳೆಯುವ ಗಾಜಿನ ಕೊಳವೆಯನ್ನು ಹಾಲಿನಲ್ಲಿ ಬಿಟ್ಟರೆ ಅದು ಕುಣಿದು ಕುಣಿದು ನಿಲ್ಲುವ ತನಕ ಉಸಿರು ಹಿಡಿದು ಕಾಯುತ್ತಿದ್ದ. ಸಾಲಿನಲ್ಲಿ ನಿಂತವರು ಬೈದರೂ ಅರ್ಧ ಡಿಗ್ರಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ಅಂಥವನು ಖಾಲಿ ಹೊಟ್ಟೆಯಲ್ಲಿ ನಿಂತು ಐದು ನಿಮಿಷ ಯೋಚಿಸಿ ಒಂದು ತೀರ್ಮಾನಕ್ಕೆ ಬಂದ: ಈ ಕಾರ್ಯಕ್ರಮ ಇನ್ನು ಈ ಊರಿನ ಮಕ್ಕಳ ಕಣ್ಣಿಗೆ ಬೀಳಬಾರದು.

"ಧನು, ಇವತ್ತಿಂದ ಆ ದರಿದ್ರ ಬಂದ್."

"ಅಪ್ಪಾ," ಹೊಸ್ತಿಲಲ್ಲಿ ನಿಂತು ಮಗಳು ತಿರುಗಿದಳು. "ಅವರು ಜಗಳ ಆಡ್ತಾರೆ, ನಿಜ. ಆದ್ರೆ ಎದುರಾ ಎದುರು ಆಡ್ತಾರೆ. ನಿಮ್ಮೋರು ಸಾರಿನ ವಿಷಯಾನ ಹನ್ನೆರಡು ವರ್ಷ ಹೊಟ್ಟೆಯೊಳಗೆ ಇಟ್ಕೊಂಡು ನಗ್ತಾ ಇದ್ರಲ್ಲ, ಅದು ಒಳ್ಳೇದಾ?"

ಸಿದ್ದೇಶ ಡೈರಿಯ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು (ಮೇಲಿನ ಕಚೇರಿಯವರು ಯಾವಾಗ ತಪಾಸಣೆಗೆ ಬರುತ್ತಾರೋ ಎಂದು ಅದನ್ನು ಎಲ್ಲಿಗೆ ಹೋದರೂ ಒಯ್ಯುತ್ತಿದ್ದ) ನೇರ ಹೈಸ್ಕೂಲಿಗೆ ನಡೆದ.

ಅವನೇನು ಹೊರಗಿನವನಲ್ಲ, ಶಾಲೆಯ ಅಭಿವೃದ್ಧಿ ಸಮಿತಿಯ ಸದಸ್ಯ. ಮುಖ್ಯ ಶಿಕ್ಷಕಿ ಅನ್ನಪೂರ್ಣ ಮೇಡಂ ಹಾಜರಿ ಪುಸ್ತಕ ನೋಡುತ್ತಿದ್ದರು. ಎದುರಿಗೆ ಸಮಿತಿಯ ಅಧ್ಯಕ್ಷ, ರಿಟೈರಾದ ಬಸ್ ಕಂಡಕ್ಟರ್ ಜಯಪ್ಪ, ಶಾಲೆಯ ಚಹಾ ಕುಡಿಯುತ್ತಿದ್ದ. ಸಿದ್ದೇಶ ಒಂದು ಹಾಳೆ ಇಸಿದುಕೊಂಡು, ಅಲ್ಲೇ ನಿಂತು, ಮುತ್ತು ಪೋಣಿಸಿದ ಅಕ್ಷರದಲ್ಲಿ ಠರಾವು ಬರೆದ:

"ಮನೆಮನೆಯ ಖಾಸಗಿ ಜಗಳಗಳನ್ನು ಸಾರ್ವಜನಿಕ ಮನರಂಜನೆಯನ್ನಾಗಿ ಮಾಡಿ, ಹದಿಹರೆಯದವರ ಮನಸ್ಸನ್ನು ಕೆಡಿಸುತ್ತಿರುವ 'ಸಿರಿ ಸಖಿಯರು' ಕಾರ್ಯಕ್ರಮವನ್ನು ಈ ಶಾಲೆಯ ಯಾವ ವಿದ್ಯಾರ್ಥಿಯೂ ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ನೋಡತಕ್ಕದ್ದಲ್ಲ. ಪೋಷಕರು ಇದನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು."

"ಭಾಷೆ ಚೆನ್ನಾಗೈತೆ," ಎಂದರು ಅನ್ನಪೂರ್ಣ ಮೇಡಂ.

"ಅದರಾಗೆ ಅಂಥಾದ್ದೇನು ತೋರಿಸ್ತಾರಯ್ಯಾ?" ಜಯಪ್ಪ ಕುತೂಹಲದಿಂದ ಮುಂದಕ್ಕೆ ಬಾಗಿದ.

"ಗೊತ್ತಿಲ್ಲ. ನಾನು ನೋಡಿಲ್ಲ."

ಮೇಡಂ ಕನ್ನಡಕ ತೆಗೆದರು. "ಸಿದ್ದೇಶ್, ಡಿಗ್ರಿ ನೋಡದೆ ಯಾರ ಹಾಲಾದ್ರೂ ವಾಪಸ್ ಕಳಿಸ್ತೀರಾ?"

ಈ ಮಾತು ಅವನಿಗೆ ತಾಗಿತು. ಹದಿನಾಲ್ಕು ವರ್ಷದಲ್ಲಿ ಯಾರೂ ಅವನನ್ನು ಅಳತೆ ಮಾಡದವನು ಎಂದು ಕರೆದಿರಲಿಲ್ಲ.

"ನೋಡಿ, ಬರಕೊಂಡು ಬರ್ರಿ," ಎಂದರು ಮೇಡಂ. "ಪೋಷಕರ ಅಭಿಪ್ರಾಯನೂ ತಗೊಳ್ರಿ. ಸಾಯಂಕಾಲ ನಾಲ್ಕೂವರೆಗೆ ಸಮಿತಿ ಸೇರ್ತೈತೆ. ಎಲ್ಲಾರೂ ಒಪ್ಪಿದ್ರೆ ಇವತ್ತೇ ಪಾಸು ಮಾಡ್ತೀನಿ. ಇಲ್ಲಾಂದ್ರೆ ಮುಂದಿನ ಸಭೆ ಪರೀಕ್ಷೆ ಮುಗಿದ ಮೇಲೇ."

ಪರೀಕ್ಷೆ ಮುಗಿಯುವ ಹೊತ್ತಿಗೆ ತನ್ನ ಮಗಳು ಊರಿನ ಎಷ್ಟು ಮನೆಗಳ ಒಲೆ ಆರಿಸಿರುತ್ತಾಳೋ ಎಂದು ಲೆಕ್ಕ ಹಾಕುತ್ತ ಸಿದ್ದೇಶ ಮೆಟ್ಟಿಲಿಳಿದ. ಇವತ್ತೇ ಆಗಬೇಕು.

ಊರಿಗೆಲ್ಲ ಕೇಬಲ್ ಕೊಡುವ ಪಾಲಣ್ಣನ ಆಫೀಸು ಗೊಬ್ಬರದ ಅಂಗಡಿಯ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಯೂರಿಯಾ ಮೂಗಿಗೆ ಹೊಡೆಯುತ್ತಿತ್ತು. ವಿಷಯ ಕೇಳಿ ಪಾಲಣ್ಣ ಬೇಜಾರೇನೂ ಮಾಡಿಕೊಳ್ಳಲಿಲ್ಲ. ಕಂಪ್ಯೂಟರ್ ಮುಂದೆ ಸ್ಟೂಲು ಎಳೆದು, "ಕೂತ್ಕಳಣ್ಣ. ನಾಲ್ಕು ಎಪಿಸೋಡು ಹಾಕ್ತೀನಿ. ಮೂರನೇದರಾಗೆ ಹಡಗಿನ ಮ್ಯಾಲೆ ಜಗಳ ಐತೆ, ಎದ್ದು ಹೋಗಬ್ಯಾಡ," ಎಂದ.

ಬರೆದುಕೊಳ್ಳಲು ಬೇರೆ ಪುಸ್ತಕ ಇರಲಿಲ್ಲ. ಸಿದ್ದೇಶ ಡೈರಿಯ ರಿಜಿಸ್ಟರಿನ ಕೊನೆಯ ಪುಟ ತೆರೆದು, ಸ್ಕೇಲಿಟ್ಟು ಗೆರೆ ಎಳೆದ. ಅಳು, ಅಳುವಿನ ಅವಧಿ, ಉಡುಪಿನ ಬದಲಾವಣೆ, ಎದ್ದು ಹೋಗುವುದು, ವಾಪಸ್ ಬರುವುದು, ಮೇಜಿನ ಮೇಲಿಟ್ಟ ತಿಂಡಿ, ಅದರಲ್ಲಿ ತಿಂದದ್ದು. ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟುಕೊಂಡ.

ಹನ್ನೆರಡೂವರೆಗೆ ಫಲಿತಾಂಶ ಸಿದ್ಧವಾಯಿತು. ನಾಲ್ಕು ಕಂತಿನಲ್ಲಿ ಮೂವತ್ತೊಂದು ಅಳು, ಸರಾಸರಿ ಮೂವತ್ತೆಂಟು ಸೆಕೆಂಡು. ಎದ್ದು ಹೋದದ್ದು ಹತ್ತೊಂಬತ್ತು ಸಲ, ವಾಪಸ್ ಬಂದದ್ದು ಇಪ್ಪತ್ತು ಸಲ. ಈ ವ್ಯತ್ಯಾಸವನ್ನು ಎರಡು ಸಲ ಪರಿಶೀಲಿಸಿದರೂ ಹಾಗೇ ಬಂತು. ಮೇಜಿನ ಮೇಲಿಟ್ಟ ತಿಂಡಿ ಅರವತ್ತು ಬಗೆ. ತಿಂದದ್ದು ಸೊನ್ನೆ. ಈ ಕೊನೆಯ ಅಂಕಿಯನ್ನು ಬರೆಯುವಾಗ ಬೆಳಗಿನಿಂದ ಏನೂ ಬೀಳದ ಅವನ ಹೊಟ್ಟೆ ಗುರ್ರೆಂದಿತು.

ಒಂದು ಕಡೆ ಮಾತ್ರ ಪೆನ್ನು ನಿಂತಿತು. ಒಂಬತ್ತು ಕಾರಿನ ಒಡತಿಯೊಬ್ಬಳು ತನ್ನ ಹುಟ್ಟುಹಬ್ಬದ ದಿನ ದೊಡ್ಡ ಪಡಸಾಲೆಯಲ್ಲಿ ಒಬ್ಬಳೇ ಕೂತು ಬಾಗಿಲ ಕಡೆ ನೋಡುತ್ತಿದ್ದಳು. ಅವಳು ಅಳಲಿಲ್ಲ, ಎದ್ದು ಹೋಗಲಿಲ್ಲ. ಇದನ್ನು ಬರೆಯಲು ಅವನ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಪುಟ ತಿರುಗಿಸಿಬಿಟ್ಟ.

"ಪೋಷಕರ ಅಭಿಪ್ರಾಯ ಹೆಂಗೆ ತಗೊಳ್ಳೋದು ಪಾಲಣ್ಣ? ಮುನ್ನೂರು ಮನೆ."

"ಮನೆ ಮನೆ ತಿರುಗಿದ್ರೆ ಎಲ್ಲಾರೂ ಚಹಾ ಕೊಡ್ತಾರೆ, ಸಹಿ ಯಾರೂ ಹಾಕಲ್ಲ," ಎಂದ ಪಾಲಣ್ಣ. "ನಮ್ಮ ಲೋಕಲ್ ಚಾನೆಲ್ ಐತಲ್ಲ. ಒಂದೂವರೆಗೆ ಲೈವ್ ಕೂರಿಸ್ತೀನಿ. ನೀನು ಮಾತಾಡು, ಜನ ಫೋನಿನಾಗೇ ಒಪ್ಪಿಗೆ ಕೊಡ್ಲಿ. ಯೂಟ್ಯೂಬಿಗೂ ಬಿಡ್ತೀನಿ."

ಆ ಲೋಕಲ್ ಚಾನೆಲಿನಲ್ಲಿ ಸಾಮಾನ್ಯವಾಗಿ ಶ್ರದ್ಧಾಂಜಲಿ, ಮದುವೆ ಆಮಂತ್ರಣ ಮತ್ತು ಕಳೆದುಹೋದ ಎಮ್ಮೆಗಳ ಭಾವಚಿತ್ರ ಬರುತ್ತಿದ್ದವು. ಒಳ್ಳೆಯ ವಿಷಯಕ್ಕೂ ಒಂದು ದಿನ ಜಾಗ ಸಿಗಲಿ ಎಂದು ಸಿದ್ದೇಶ ಒಪ್ಪಿದ. ಅನ್ನಪೂರ್ಣ ಮೇಡಂಗೆ ಫೋನು ಮಾಡಿದ. ಮೇಡಂಗೆ ನಿಜಕ್ಕೂ ಸಂತೋಷವಾಯಿತು. "ನಮ್ಮ ಸದಸ್ಯರು ಒಳ್ಳೇ ಮಾತು ಹೇಳ್ತಾರೆ ಅಂದ್ರೆ ಮಕ್ಕಳೂ ಕೇಳ್ಲಿ. ಬಿಸಿಯೂಟ ಆದಮೇಲೆ ಮೂರೂ ಕ್ಲಾಸಿನೋರನ್ನ ದೊಡ್ಡ ಟೀವಿ ಮುಂದೆ ಕೂರಿಸ್ತೀನಿ," ಎಂದರು.

ಒಂದೂವರೆಗೆ ಸಿದ್ದೇಶ ಹಸಿರು ಪರದೆಯ ಮುಂದೆ ಕೂತ. ಹಿಂದೆ ಏನಾದರೂ ಚಿತ್ರ ಬರಲೆಂದು ಪಾಲಣ್ಣ ಒಂದು ಜಲಪಾತ ಹಾಕಿದ್ದ.

"ಹದಿಹರೆಯದ ಮಕ್ಕಳ ತಂದೆತಾಯಂದಿರೇ," ಎಂದು ಸಿದ್ದೇಶ ಶುರು ಮಾಡಿದ. ಮೂವತ್ತೊಂದು ಅಳುಗಳ ಸರಾಸರಿ ಹೇಳಿದ. ಹತ್ತೊಂಬತ್ತು ಮತ್ತು ಇಪ್ಪತ್ತರ ವ್ಯತ್ಯಾಸ ವಿವರಿಸಿದ. ಹತ್ತು ನಿಮಿಷದ ಮೇಲೆ ಮೊದಲ ಫೋನು ಬಂತು.

"ಹಲೋ, ಆ ಎಮ್ಮೆ ಸಿಕ್ತೇನ್ರಿ?"

"ಅಂಕಿ ಅಂಶ ಬ್ಯಾಡಣ್ಣ, ಏನಾದ್ರೂ ಉದಾಹರಣೆ ಹೇಳು," ಎಂದು ಪಾಲಣ್ಣ ಕ್ಯಾಮೆರಾದ ಹಿಂದಿನಿಂದ ಕೈಸನ್ನೆ ಮಾಡಿದ.

ಸಿದ್ದೇಶ ಗಂಟಲು ಸರಿಪಡಿಸಿಕೊಂಡ. "ಒಂದು ಉದಾಹರಣೆ ಕೊಡ್ತೀನಿ. ಹೆಸರು ಹೇಳಲ್ಲ. ನಮ್ಮೂರಲ್ಲಿ ಒಂದು ಮನೆ. ಈ ಕಾರ್ಯಕ್ರಮ ನೋಡಿದ ಹುಡುಗಿಯೊಬ್ಬಳು ಇವತ್ತು ಬೆಳಿಗ್ಗೆ ಸಭೆ ಸೇರಿಸಿದಳು. ಪಕ್ಕದ ಮನೆಯ ಹೆಣ್ಣುಮಗಳೊಬ್ಬರು, ಹೆಸರು ಬೇಡ, ಆ ಮನೆಯ ಸಾರಿನ ಬಗ್ಗೆ..."

ಸಿದ್ದೇಶನ ಮನೆಯ ಒಂದು ಪಕ್ಕದಲ್ಲಿ ಓಣಿ, ಹಿಂದೆ ಹುಣಿಸೆಮರ, ಇನ್ನೊಂದು ಪಕ್ಕದಲ್ಲಿ ಸಾವಂತ್ರಮ್ಮ ಎಂಬುದು ಮೂಡ್ಲಹಟ್ಟಿಯ ಎಮ್ಮೆಗಳಿಗೂ ಗೊತ್ತಿತ್ತು.

ಸಾವಂತ್ರಮ್ಮ ನಾಲ್ಕೇ ನಿಮಿಷದಲ್ಲಿ ಗೊಬ್ಬರದಂಗಡಿಯ ಮೆಟ್ಟಿಲು ಹತ್ತಿ, ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು, ಜಲಪಾತದೊಳಗೆ ಪ್ರವೇಶ ಮಾಡಿದಳು.

"ಹೆಸರು ಹೇಳಪ್ಪ! ಯಾಕೆ ಹೇಳಲ್ಲ? ನಾನು ಸಾವಂತ್ರಮ್ಮ. ಸಾರು ಅಂದಿದ್ದು ನಾನೇ. ಇಡೀ ಊರಿಗೆ ಹೇಳ್ತೀನಿ, ಆ ಸಾರಿನಾಗೆ ಬೇಳೆ ಹುಡುಕಾಕೆ ಬ್ಯಾಟರಿ ಬೇಕು!"

"ಅಕ್ಕಾ, ಕೂತ್ಕೊಳ್ರಿ, ಇದು ಲೈವ್," ಎಂದ ಸಿದ್ದೇಶ.

ಪಾಲಣ್ಣ ಆಗಲೇ ಇನ್ನೊಂದು ಸ್ಟೂಲು ಹಾಕಿದ್ದ. ಫೋನು ಹೊಡೆದುಕೊಂಡಿತು.

"ಹಲೋ, ಯಾರು ಮಾತಾಡ್ತಿರೋದು?"

"ಆ ಸಾರು ಮಾಡೋಳು," ಎಂದು ಅಂಬಿಕಾಳ ದನಿ ಸ್ಪೀಕರಿನಲ್ಲಿ ಗುಡುಗಿತು. "ಸಾವಂತ್ರಕ್ಕ, ನನ್ನ ಸಾರಿನಾಗೆ ಬೇಳೆ ಹುಡುಕೋದು ಇರ್ಲಿ. ನೀನು ಡೈರಿಗೆ ಹಾಕೋ ಹಾಲಿನಾಗೆ ಹಾಲು ಹುಡುಕಾಕೆ ಏನು ಬೇಕು ಅಂತ ಅಲ್ಲೇ ಕೂತದಾರಲ್ಲ ನಮ್ಮನೆಯೋರು, ಕೇಳು!"

ಸಾವಂತ್ರಮ್ಮ ಸಿದ್ದೇಶನ ಕಡೆ ತಿರುಗಿದಳು. ಕ್ಯಾಮೆರಾನೂ ತಿರುಗಿತು. "ಹೇಳಪ್ಪ ಸಿದ್ದೇಶ. ನನ್ನ ಹಾಲಿಗೆ ಏನಾಗೈತೆ? ಒಂದು ತೊಟ್ಟು ನೀರು ಹಾಕಿದ್ರೆ ನನ್ನ ಕೈ ಸೇದಿಹೋಗ್ಲಿ."

ಬೇರೆ ಯಾರಾದರೂ ಆಗಿದ್ದರೆ ನಕ್ಕು ಮಾತು ತೇಲಿಸುತ್ತಿದ್ದರು. ಆದರೆ ಸಿದ್ದೇಶನ ಮುಂದೆ ರಿಜಿಸ್ಟರು ತೆರೆದಿತ್ತು, ಮತ್ತು ತಪ್ಪು ಅಂಕಿಯೊಂದು ಗಾಳಿಯಲ್ಲಿ ತೇಲುತ್ತಿರುವುದನ್ನು ಸಹಿಸುವ ಶಕ್ತಿ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಕೊನೆಯ ಪುಟದಿಂದ ಮೊದಲಿನ ಪುಟಗಳಿಗೆ ಬಂದ. ಬೆರಳಿಟ್ಟು ಸಾಲು ಹುಡುಕಿದ.

"ನಿನ್ನೆ ಸಾಯಂಕಾಲ ಇಪ್ಪತ್ತೆರಡು ಡಿಗ್ರಿ," ಎಂದ.

ಮುನ್ನೂರು ಮನೆಗಳಲ್ಲಿ ಅನ್ನ ಕಲಸುತ್ತಿದ್ದ ಕೈಗಳು ನಿಂತವು. ಒಳ್ಳೆಯ ಹಾಲು ಇಪ್ಪತ್ತೆಂಟಕ್ಕೆ ನಿಲ್ಲುತ್ತದೆಂದು ಆ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

"ಇವತ್ತು ಬೆಳಿಗ್ಗೆ ಇಪ್ಪತ್ಮೂರೂವರೆ," ಎಂದು ಸಿದ್ದೇಶ ನ್ಯಾಯಕ್ಕಾಗಿ ಸೇರಿಸಿದ. "ಸುಧಾರಣೆ ಐತೆ."

ಸಾವಂತ್ರಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮಾತು ಬಂದದ್ದು ಫೋನಿನಿಂದ.

"ಇಪ್ಪತ್ತೆರಡಾ?" ಅಂಬಿಕಾಳ ದನಿ ಈಗ ತಣ್ಣಗಿತ್ತು. ಗುಡುಗಿಗಿಂತ ಅದು ಹೆಚ್ಚು ಭಯ ಹುಟ್ಟಿಸುವಂತಿತ್ತು. "ಇಪ್ಪತ್ತೆರಡಿನ ಹಾಲು ತಗೊಂಡ್ರಾ ನೀವು? ಹೋದ ತಿಂಗಳು ನಮ್ಮವ್ವ ತಂದ ಹಾಲು ಇಪ್ಪತ್ತೈದು ಅಂತ ವಾಪಸ್ ಕಳಿಸಿದ್ರಲ್ಲ! ಮುದುಕಿ ಕ್ಯಾನು ಹೊತ್ಕೊಂಡು ಬಿಸಿಲಾಗೆ ನಡಕೊಂಡು ಹೋಗಿದ್ಲು!"

"ಅದು... ಪಕ್ಕದ ಮನೆಯೋರು ಅಂತ ಒಂಚೂರು..."

"ಪಕ್ಕದ ಮನೆಯೋಳು ಹೆಚ್ಚು, ಹೆಂಡ್ತಿ ತಾಯಿ ಕಡಿಮೆ. ಆಗ್ಲಿ ಬಿಡ್ರಿ."

ಹದಿನಾಲ್ಕು ವರ್ಷ ಅರ್ಧ ಡಿಗ್ರಿ ಬಿಡದ ಮನುಷ್ಯನೆಂಬ ಕೀರ್ತಿ ಜಲಪಾತದಲ್ಲಿ ಕೊಚ್ಚಿಹೋಗುವುದನ್ನು ಸಿದ್ದೇಶ ಕೂತಲ್ಲೇ ನೋಡಿದ. ಫೋನು ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿತು. ನಮ್ಮದೆಷ್ಟು ಎಂದು ಕೇಳಿದವರು ಮೂವರು, ಎದುರುಮನೆಯವರದೆಷ್ಟು ಎಂದು ಕೇಳಿದವರು ಮೂವತ್ತು ಜನ. ಸಮಿತಿಯ ಅಧ್ಯಕ್ಷ ಜಯಪ್ಪ ಫೋನು ಮಾಡಿ, "ಸಿದ್ದೇಶ, ನಮ್ಮದು ಮಾತ್ರ ಹೇಳಬ್ಯಾಡಪ್ಪ, ನಿಂಗೆ ಕೈ ಮುಗೀತೀನಿ," ಎಂದು ಇಡೀ ಊರಿಗೆ ಎಲ್ಲವನ್ನೂ ಹೇಳಿಬಿಟ್ಟ.

ಅಷ್ಟರಲ್ಲಿ ಅಂಜಮ್ಮ ಬಂದಳು. ಅವಳಿಗೆ ಡಿಗ್ರಿಯ ಚಿಂತೆ ಇರಲಿಲ್ಲ. ಟವಲಿನಲ್ಲಿ ಸುತ್ತಿದ ನಿನ್ನೆಯ ಎರಡು ರೊಟ್ಟಿ, ಒಂದಿಷ್ಟು ಚಟ್ನಿಪುಡಿ ತಂದಿದ್ದಳು. "ಬೆಳಿಗ್ಗೆಯಿಂದ ಒಂದಗುಳು ಬಿದ್ದಿಲ್ಲ ನನ್ನ ಮಗನ ಹೊಟ್ಟೆಗೆ. ಟೀವೀಲಿ ಮಖ ನೋಡ್ದೆ, ಒಣಗಿ ಹೋಗಿತ್ತು. ಬಾಯಿ ತೆಗಿ ಸಿದ್ದ," ಎಂದು ತುತ್ತು ಮುರಿದು ಬಾಯಿಗಿಟ್ಟಳು.

ಏನು ಕಾರಣವೋ, ಹಸಿವೆಯೋ, ಖಾರವೋ, ಮಾನ ಹೋದ ಸಂಕಟವೋ, ಸಿದ್ದೇಶನಿಗೆ ಅಳು ಬಂತು. ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಅತ್ತ. ಎದ್ದು ಹೋದ. ಮೆಟ್ಟಿಲ ಅರ್ಧಕ್ಕೆ ರಿಜಿಸ್ಟರು ನೆನಪಾಗಿ ವಾಪಸ್ ಬಂದ. ಮತ್ತೆ ಎದ್ದು ಹೋದ.

ರಸ್ತೆಗಿಳಿದರೆ ನಡೆಯಲು ಬಿಡಲಿಲ್ಲ. ಕಟಿಂಗ್ ಅಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದು, "ಅಣ್ಣ, ನಾಳೆ ಎಷ್ಟೊತ್ತಿಗೆ ಪ್ರೋಗ್ರಾಮು?" ಎಂದ. ಇಬ್ಬರು ಹೆಂಗಸರು ತಂತಮ್ಮ ಎಮ್ಮೆಯ ಚಾರಿತ್ರ್ಯ ಸಮರ್ಥಿಸಿಕೊಳ್ಳಲು ತಲಾ ಮುಕ್ಕಾಲು ಗಂಟೆ ನಿಲ್ಲಿಸಿಕೊಂಡರು. ಇನ್ನೊಬ್ಬ ಜೊತೆಗೆ ಫೋಟೊ ತೆಗೆಸಿಕೊಂಡ. ಸಿದ್ದೇಶ ಎಲ್ಲರಿಗೂ ಒಂದೇ ಮಾತು ಹೇಳಿದ: "ದಾರಿ ಬಿಡ್ರಿ, ನನಗೆ ಠರಾವು ಪಾಸು ಮಾಡ್ಸಾಕೈತೆ." ಮಾನ ಹೋಗಿತ್ತು, ಹೆಂಡತಿ ಮುನಿದಿದ್ದಳು, ಇಷ್ಟೆಲ್ಲ ಕಳೆದುಕೊಂಡ ಮೇಲೆ ಆ ಠರಾವಾದರೂ ಆಗದಿದ್ದರೆ ಹೇಗೆ?

ಶಾಲೆ ಮುಟ್ಟುವಾಗ ಐದಕ್ಕೆ ಹತ್ತು ನಿಮಿಷ. ಸಮಿತಿಯವರು ಎದ್ದು ಹೋಗಿದ್ದರು. ಅನ್ನಪೂರ್ಣ ಮೇಡಂ ಒಬ್ಬರೇ ಕೂತು ಮೊಹರು ಒತ್ತುತ್ತಿದ್ದರು.

"ಮುಗೀತಾ ಮೇಡಂ?" ಸಿದ್ದೇಶ ಏದುಸಿರು ಬಿಟ್ಟ.

"ಐದು ನಿಮಿಷಕ್ಕೇ ಮುಗೀತು. ಒಮ್ಮತದ ಠರಾವು. ಒಬ್ಬರೂ ಬ್ಯಾಡ ಅನ್ನಲಿಲ್ಲ. ಜಯಪ್ಪನೋರಂತೂ ಎರಡೂ ಕೈ ಎತ್ತಿದ್ರು. ನಿಮ್ಮದೊಂದು ಸಹಿ ಬಾಕಿ."

ಸಿದ್ದೇಶನ ಎದೆ ತುಂಬಿ ಬಂತು. ಇಡೀ ದಿನದ ಹಸಿವೆ, ಅವಮಾನ ಎಲ್ಲ ಹಗುರಾದ ಹಾಗಾಯಿತು. ಪೆನ್ನು ತೆಗೆದು ಸಹಿ ಹಾಕಿದ. ಹಾಕಿದ ಮೇಲೆ, ತನ್ನದೇ ಭಾಷೆಯನ್ನು ಇನ್ನೊಮ್ಮೆ ಸವಿಯಲೆಂದು ಓದಿದ.

"ಮನೆಮನೆಯ ಖಾಸಗಿ ಜಗಳಗಳನ್ನು ಸಾರ್ವಜನಿಕ ಮನರಂಜನೆಯನ್ನಾಗಿ ಮಾಡಿ, ಹದಿಹರೆಯದವರ ಮನಸ್ಸನ್ನು ಕೆಡಿಸುತ್ತಿರುವ ಡೈರಿ ಸಿದ್ದೇಶ್ ಅವರ ಕಾರ್ಯಕ್ರಮವನ್ನು ಈ ಶಾಲೆಯ ಯಾವ ವಿದ್ಯಾರ್ಥಿಯೂ ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ನೋಡತಕ್ಕದ್ದಲ್ಲ..."

"ನೀವು ಬರೆದಿದ್ದು ಅಷ್ಟು ಚೆನ್ನಾಗಿತ್ತು, ಬದಲಾಯಿಸಾಕೆ ಮನಸೇ ಬರಲಿಲ್ಲ," ಎಂದರು ಮೇಡಂ. "ಹೆಸರೊಂದು ಬಿಟ್ಟು."

"ಮೇಡಂ, ನಾನು ಅದನ್ನ ನಿಲ್ಲಿಸಾಕೇ ಅಲ್ವಾ ಅಲ್ಲಿ ಕೂತಿದ್ದು?"

"ನೂರಾ ನಲವತ್ತು ಮಕ್ಕಳನ್ನ ನಾನೇ ಟೀವಿ ಮುಂದೆ ಕೂರಿಸಿದ್ದೆ ಸಿದ್ದೇಶ್. ತಪ್ಪು ನಂದೂ ಐತೆ. ಒಬ್ಬರಾದ್ರೂ ಎದ್ದು ಹೋಗ್ತಾರಾ ಅಂತ ನೋಡ್ದೆ. ನೀರು ಕುಡಿಯಾಕೂ ಏಳಲಿಲ್ಲ. ಆಮೇಲೆ ಕ್ಲಾಸಿನಾಗೆ ಒಬ್ಬರಿಗೊಬ್ಬರು ಡಿಗ್ರಿ ಕೊಡಾಕೆ ಶುರು ಮಾಡಿದ್ರು. ಸಾವಂತ್ರಮ್ಮನ ಮೊಮ್ಮಗಳು ಶಾಂತಲಾನ ಎಲ್ಲಾರೂ ಇಪ್ಪತ್ತೆರಡು ಅಂತಲೇ ಕರೀತಾರೆ. ಸ್ಟಾಫ್ ರೂಮಿನಾಗೆ ಕೂತು ಬಿಕ್ಕಿ ಬಿಕ್ಕಿ ಅಳ್ತಿತ್ತು ಕೂಸು. ಈಗಷ್ಟೇ ಮನೆಗೆ ಕಳಿಸ್ದೆ."

ಸಿದ್ದೇಶ ತನ್ನ ಸಹಿಯನ್ನು ನೋಡಿದ. ಅಳತೆ ಮಾಡುವವನ ಕಣ್ಣಿನಿಂದ ನೋಡಿದರೂ ಠರಾವಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ.

"ಆ 'ಸಿರಿ ಸಖಿಯರು'?" ಎಂದು ಕೊನೆಗೆ ಕೇಳಿದ.

"ಅದರ ಚಿಂತೆ ಬಿಡ್ರಿ. ಮಕ್ಕಳನ್ನೇ ಕೇಳಿದ್ವಿ. ಇನ್ನು ಅದನ್ನ ಯಾರೂ ನೋಡಲ್ವಂತೆ. ಇದರ ಮುಂದೆ ಅದು ಸಪ್ಪೆ ಅಂತಾರೆ."

ಸಂಜೆ ಐದೂವರೆಗೆ ಡೈರಿಯ ಮುಂದೆ ಸಾಲು ನಿಂತಿತು. ಗಾಜಿನ ಕೊಳವೆ ಇಳಿಬಿಟ್ಟರೆ ಒಬ್ಬೊಬ್ಬರ ಹಾಲಿನಲ್ಲೂ ಅದು ಸೈನಿಕನ ಹಾಗೆ ಸೆಟೆದು ನಿಂತಿತು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಜಯಪ್ಪನದು ಮೂವತ್ತು. ಹದಿನಾಲ್ಕು ವರ್ಷದಲ್ಲಿ ಅಂಥ ಹಾಲನ್ನು ಸಿದ್ದೇಶ ಕಂಡಿರಲಿಲ್ಲ. ಕ್ಯಾನುಗಳು ಮಾತ್ರ ಎಂದಿಗಿಂತ ಒಂದು ಕಡಿಮೆ ತುಂಬಿದವು.

ಸಾವಂತ್ರಮ್ಮ ಬಂದಳು. ಕೊಳವೆ ನಿಲ್ಲುವ ತನಕ ಇಬ್ಬರೂ ಅದನ್ನೇ ನೋಡಿದರು. ಇಪ್ಪತ್ತೆಂಟೂವರೆ.

"ಅಕ್ಕಾ, ಶಾಂತಲಾ..." ಎಂದ ಸಿದ್ದೇಶ.

"ಬರಕೋ," ಎಂದಳು ಸಾವಂತ್ರಮ್ಮ. "ದೊಡ್ಡದಾಗಿ ಬರಕೋ."

ಏಳು ಗಂಟೆಗೆ ಮನೆಗೆ ಬಂದರೆ ಒಳಗೆ ಒಲೆ ಹಚ್ಚಿತ್ತು. ಅಷ್ಟೇ ಅಲ್ಲ, ಸಾವಂತ್ರಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಶಾಂತಲಾ ಅವಳ ಮಗ್ಗುಲಲ್ಲಿ ಕೂತು ಅಂಬಿಕಾ ಕೊಟ್ಟ ಮಂಡಕ್ಕಿ ತಿನ್ನುತ್ತಿದ್ದಳು.

"ಬೇಳೆ ಸಾಕಾ ಅಕ್ಕ?"

"ಇನ್ನೊಂದು ಹಿಡಿ ಹಾಕು ತಾಯಿ. ನಾನು ಬೆಳಿಗ್ಗೆ ಅಂದಿದ್ದು ತಪ್ಪು. ಆದ್ರೆ ಇಡೀ ಊರಿನ ಮುಂದೆ ಮೊದಲು ಹೇಳಿದೋಳು ನಾನಲ್ಲ."

"ಹೌದಕ್ಕ. ಹೇಳಿದೋರು ಯಾರು ಅಂತ ನಂಗೊತ್ತೈತೆ."

ಬೆಳಗಿನಿಂದ ಮುರಿದುಬಿದ್ದಿದ್ದ ಹನ್ನೆರಡು ವರ್ಷದ ಸ್ನೇಹ ಮೊದಲಿಗಿಂತ ಗಟ್ಟಿಯಾಗಿ ಕೂಡಿಕೊಂಡಿತ್ತು. ಇಬ್ಬರೂ ಸೇರಿ ಸಿದ್ದೇಶನ ಜೊತೆ ಮಾತು ಬಿಟ್ಟಿದ್ದರು. ಅಂಬಿಕಾ ಅವನ ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟು, ಅವನ ಮುಖ ನೋಡದೆ ನೆಲದ ಮೇಲಿಟ್ಟಳು.

ಧನುಶ್ರೀ ಒಂದು ಚೀಟಿ ಹಿಡಿದು ಬಂದಳು. "ಅಪ್ಪಾ, ಇವತ್ತು ನೀನು ಅತ್ತಿದ್ದು ಐವತ್ತೆರಡು ಸೆಕೆಂಡು. ಅವರ ಸರಾಸರಿಗಿಂತ ಹದಿನಾಲ್ಕು ಜಾಸ್ತಿ." ದನಿಯಲ್ಲಿ ಹೆಮ್ಮೆ ಇತ್ತೋ ಕನಿಕರ ಇತ್ತೋ ತಿಳಿಯಲಿಲ್ಲ. "ಇದಕ್ಕೆ ಪೋಷಕರ ಸಹಿ ಬೇಕಂತೆ."

ಶಾಲೆಯಿಂದ ಬಂದ ಚೀಟಿ. ಮೇಲೆ ಠರಾವು, ಕೆಳಗೆ, "ನನ್ನ ಮಗಳು ಸದರಿ ಸಿದ್ದೇಶ್ ಅವರನ್ನು ನೋಡದಂತೆ ಎಚ್ಚರ ವಹಿಸುತ್ತೇನೆ."

"ಇದರರ್ಥ ಟೀವೀಲಿ ನೋಡಬಾರದು ಅಂತ," ಎಂದ ಸಿದ್ದೇಶ.

"ಹಂಗಂತ ಎಲ್ಲಿ ಬರದಿದೀಯ? ನೀನೇ ಬರದಿದ್ದಂತೆ, ಮೇಡಂ ಅಂದ್ರು. ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಅಂತೈತೆ. ಕಟ್ಟುನಿಟ್ಟಾಗಿ ಅಂತಾನೂ ಐತೆ."

ಅಂಬಿಕಾ ಮತ್ತು ಸಾವಂತ್ರಮ್ಮ ಅಡಿಗೆಮನೆಯಲ್ಲಿ ಒಟ್ಟಿಗೆ ಕೆಮ್ಮಿದರು.

ಸಿದ್ದೇಶ ಚೀಟಿಯ ಮೇಲೆ ಸಹಿ ಹಾಕಿದ. ಬರೆದ ಮೇಲೆ ಬರೆದಂತೆ ನಡೆಯಬೇಕು. ಅದರಲ್ಲಿ ಅವನಿಗೆ ಎರಡು ಮಾತಿರಲಿಲ್ಲ. ತಟ್ಟೆ ಎತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಹೊರಗೆ ಜಗಲಿಗೆ ಹೋಗಿ ಕೂತ. ತುತ್ತು ಮುರಿದು ಬಾಯಿಗಿಡುವಷ್ಟರಲ್ಲಿ ಒಳಗೆ ಅಂಜಮ್ಮ ಟೀವಿ ಹಚ್ಚಿದಳು. ಪಾಲಣ್ಣ ಮರುಪ್ರಸಾರ ಶುರು ಮಾಡಿದ್ದ. ಜಲಪಾತದ ಸದ್ದಿನ ಜೊತೆಗೆ ಅವನದೇ ದನಿ ಓಣಿಯ ತನಕ ಮೊಳಗಿತು: "ಹದಿಹರೆಯದ ಮಕ್ಕಳ ತಂದೆತಾಯಂದಿರೇ..."

ಧನುಶ್ರೀ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಹೊಸ್ತಿಲ ಮೇಲೆ ಬಂದು ನಿಂತಳು. ಒಂದು ಸಲ ಒಳಗೆ ನೋಡಿದಳು, ಒಂದು ಸಲ ಹೊರಗೆ ನೋಡಿದಳು.

"ಒಳಗೂ ನೀನೇ, ಹೊರಗೂ ನೀನೇ," ಎಂದಳು. "ಠರಾವಿನ ಪ್ರಕಾರ ನಾನು ಎಲ್ಲಿ ಕೂತು ಉಣ್ಣಬೇಕು, ಹೇಳಪ್ಪಾ."